ಹಾಡು ಬೇಕು, ಹಾಡಿದವರು ಬೇಡ: ಜಾಝ್ ಕಾಲದ ಶಿಕಾಗೊ

1923ರ ಏಪ್ರಿಲ್ ಮೊದಲ ವಾರ. ಅಮೆರಿಕದ ಇಂಡಿಯಾನ ರಾಜ್ಯದ ರಿಚ್ಮಂಡ್ ಎಂಬ ಪಟ್ಟಣದಲ್ಲಿ, ಪಿಯಾನೊ ಕಾರ್ಖಾನೆಯೊಂದರ ಆವರಣದೊಳಗೆ, ರೈಲು ಹಳಿಗೆ ತೀರ ಹತ್ತಿರ ಒಂದು ಕೋಣೆ. ಗೆನೆಟ್ ಎಂಬ ಗ್ರಾಮಫೋನ್ ಕಂಪನಿ ಅಲ್ಲಿ ಧ್ವನಿಮುದ್ರಣ ಮಾಡುತ್ತಿತ್ತು. ರೈಲು ಬಂತೆಂದರೆ ಕೆಲಸ ನಿಲ್ಲಿಸಬೇಕು. ಮೈಕ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಅಗಲ ಬಾಯಿಯ ಕೊಳವೆಯ ಮುಂದೆ ಎಲ್ಲರೂ ಒಟ್ಟಿಗೆ ನಿಂತು ನುಡಿಸಬೇಕು, ಆ ಸದ್ದಿಗೆ ಸೂಜಿ ಅದುರಿ ಮೇಣದ ಮೇಲೆ ಗೀರು ಮೂಡಬೇಕು. ಶಿಕಾಗೊದಿಂದ ಬಂದ ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ ಎರಡು ದಿನ ಅಲ್ಲಿ ನುಡಿಸಿತು. ಬ್ಯಾಂಡಿನಲ್ಲಿದ್ದವರೆಲ್ಲ ಕಪ್ಪು ವರ್ಣೀಯರು. ಎರಡನೇ ಕಾರ್ನೆಟ್ (ತುತ್ತೂರಿಯಂಥ ಊದುವಾದ್ಯ) ನುಡಿಸುತ್ತಿದ್ದ 21 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಉಸಿರಿನ ಜೋರು ಎಷ್ಟಿತ್ತೆಂದರೆ, ಗುರು ಆಲಿವರ್ ಅವರ ಸ್ವರ ಮುಳುಗಿಹೋಗದಿರಲೆಂದು ಶಿಷ್ಯನನ್ನು ಕೊಳವೆಯಿಂದ ಬಹಳ ಹಿಂದಕ್ಕೆ ನಿಲ್ಲಿಸಬೇಕಾಯಿತು.

ಆ ವರ್ಷಗಳಲ್ಲಿ ಇಂಡಿಯಾನ ರಾಜ್ಯವನ್ನು ಕು ಕ್ಲಕ್ಸ್ ಕ್ಲಾನ್ ಆವರಿಸಿತ್ತು. ಬಿಳಿಯರ ಮೇಲುಗೈಗಾಗಿ ಮುಸುಕು ಹಾಕಿಕೊಂಡು ಮೆರವಣಿಗೆ ಹೊರಡುವ ಈ ಸಂಘಟನೆಗೆ ಆ ಒಂದು ರಾಜ್ಯದಲ್ಲೇ ಲಕ್ಷಗಟ್ಟಲೆ ಸದಸ್ಯರಿದ್ದರು. ಕ್ಲಾನ್ ತನ್ನ ಪ್ರಚಾರದ ಹಾಡುಗಳನ್ನು ದುಡ್ಡು ಕೊಟ್ಟು ಪ್ಲೇಟು ಮಾಡಿಸಿಕೊಳ್ಳುತ್ತಿತ್ತು. ಮಾಡಿಕೊಡುತ್ತಿದ್ದದ್ದೂ ಗೆನೆಟ್ ಕಂಪನಿಯೇ. ಕಪ್ಪು ಜನರ ಅತಿ ಶ್ರೇಷ್ಠ ಸಂಗೀತವೂ ಕಪ್ಪು ಜನರನ್ನು ಬೆದರಿಸುವವರ ಹಾಡೂ ಒಂದೇ ಕಾರ್ಖಾನೆಯಲ್ಲಿ ಅಚ್ಚಾಗಿ ಹೊರಬಂದವು.

'ಜಾಝ್ ಯುಗ' ಎಂದರೆ ನಮ್ಮ ಕಣ್ಮುಂದೆ ಬರುವುದು ಬೇರೆಯೇ ಚಿತ್ರ. ಕೂದಲು ಮೋಟಾಗಿ ಕತ್ತರಿಸಿಕೊಂಡ ತರುಣಿಯರು, ಮಂಡಿಯವರೆಗಿನ ಫ್ರಾಕು, ಶಾಂಪೇನು, ರಾತ್ರಿಯಿಡೀ ನೃತ್ಯ. ಆ ಹೆಸರನ್ನು ಜನಪ್ರಿಯಗೊಳಿಸಿದ್ದು 1922ರಲ್ಲಿ ಬಂದ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಅವರ ಕಥಾಸಂಕಲನ. ಅವರು ಬರೆದದ್ದು ಉಳ್ಳವರ ಮನೆಯ ಬಿಳಿ ಯುವಜನರ ಬಗ್ಗೆ. ಆ ದಶಕದಲ್ಲಿ ಅಮೆರಿಕವನ್ನು ಕಲಕಿದ ಜಗಳ ಬೇರೆ ಜಾಗದಲ್ಲಿ ನಡೆಯುತ್ತಿತ್ತು. ಯಾರ ಪಕ್ಕದಲ್ಲಿ ಯಾರು ಕೂರಬಹುದು, ಯಾವ ಬೀದಿಯಲ್ಲಿ ಯಾರು ಮನೆ ಮಾಡಬಹುದು, ಯಾರ ಜೊತೆ ಯಾರು ಕುಣಿಯಬಹುದು ಎಂಬುದೇ ಆ ಜಗಳ. ಜಾಝ್ ಆ ಜಗಳದ ನಟ್ಟನಡುವೆ ಹುಟ್ಟಿ ಬೆಳೆಯಿತು. ಇದನ್ನು ತಿಳಿಯಲು ಶಿಕಾಗೊಗಿಂತ ಒಳ್ಳೆಯ ಊರಿಲ್ಲ.

ಜಾಝ್‌ನ ತವರು ದಕ್ಷಿಣದ ನ್ಯೂ ಆರ್ಲಿಯನ್ಸ್ ಎಂಬುದು ನಿಜ. ಅದು ಶಿಕಾಗೊಗೆ ಬಂದದ್ದು ಜನರ ಜೊತೆ, ಜನ ಬಂದದ್ದು ಹೊಟ್ಟೆಪಾಡು ಹಾಗೂ ಜೀವಭಯದಿಂದ. ಗುಲಾಮಗಿರಿ ರದ್ದಾಗಿ ಐವತ್ತು ವರ್ಷ ಕಳೆದಿದ್ದರೂ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ರೈತರು ಪಾಲಿಗೆ ಉಳುತ್ತಿದ್ದರು. ಲೆಕ್ಕದ ಪುಸ್ತಕ ಜಮೀನ್ದಾರನ ಕೈಯಲ್ಲಿ, ಸಾಲ ಎಂದೂ ತೀರುತ್ತಿರಲಿಲ್ಲ. ಹತ್ತಿಯ ಕಾಯಿಗೆ ಮೂತಿಹುಳು ಬಿದ್ದು ಬೆಳೆ ನಾಶವಾಯಿತು. ಮತದಾನದ ಹಕ್ಕು ಕಾಗದದ ಮೇಲಷ್ಟೇ ಇತ್ತು. ಸಣ್ಣ ಮಾತಿಗೂ ಗುಂಪು ಸೇರಿ ಮನುಷ್ಯನನ್ನು ಮರಕ್ಕೆ ನೇಣು ಹಾಕುವ ಕ್ರೌರ್ಯ ಹಾಡಹಗಲೇ ನಡೆಯುತ್ತಿತ್ತು. ಅದೇ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಗಿ ಯುರೋಪಿನಿಂದ ಕೂಲಿಕಾರರು ಬರುವುದು ನಿಂತಿತು. ಶಿಕಾಗೊದ ಕಸಾಯಿಖಾನೆಗಳಿಗೆ, ಉಕ್ಕಿನ ಗಿರಣಿಗಳಿಗೆ ಆಳು ಬೇಕಾಯಿತು. ಇಲಿನಾಯ್ ಸೆಂಟ್ರಲ್ ರೈಲು ನ್ಯೂ ಆರ್ಲಿಯನ್ಸ್‌ನಿಂದ, ಮಿಸಿಸಿಪಿಯಿಂದ ನೇರ ಶಿಕಾಗೊಗೆ ಬರುತ್ತಿತ್ತು.

ಈ ವಲಸೆಗೆ ದನಿ ಕೊಟ್ಟದ್ದು ಒಂದು ಪತ್ರಿಕೆ. ಗುಲಾಮರಾಗಿದ್ದ ತಂದೆತಾಯಿಗಳ ಮಗ ರಾಬರ್ಟ್ ಅಬಟ್ 1905ರಲ್ಲಿ ಶುರು ಮಾಡಿದ 'ಶಿಕಾಗೊ ಡಿಫೆಂಡರ್' ದಕ್ಷಿಣದ ಅನ್ಯಾಯಗಳನ್ನು ಹೆಸರು ಹಿಡಿದು ಬರೆಯುತ್ತಿತ್ತು, ಉತ್ತರಕ್ಕೆ ಬನ್ನಿ ಎಂದು ಕರೆಯುತ್ತಿತ್ತು. ಅದನ್ನು ದಕ್ಷಿಣದ ಹಳ್ಳಿಗಳಿಗೆ ಮುಟ್ಟಿಸಿದವರು ಪುಲ್‌ಮನ್ ಎಂಬ ಮಲಗುಬೋಗಿ ರೈಲುಗಳ ಕಪ್ಪು ಸೇವಕರು. ಕ್ಷೌರದಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ ಒಬ್ಬರು ಓದಿದರೆ ಹತ್ತು ಜನ ಕೇಳುತ್ತಿದ್ದರು. ಕೂಲಿಗಳು ಕೈತಪ್ಪುತ್ತಾರೆಂದು ದಿಗಿಲುಬಿದ್ದ ದಕ್ಷಿಣದ ಊರುಗಳು ಪತ್ರಿಕೆಯನ್ನು ತಡೆದವು, ರೈಲಿನಿಂದ ಜನರನ್ನು ಇಳಿಸಿದವು. ಜಾರ್ಜಿಯಾದ ಮೇಕನ್ ಊರು ಕೂಲಿ ಏಜೆಂಟರ ಪರವಾನಗಿಗೆ 25,000 ಡಾಲರ್ ಶುಲ್ಕ ಹೇರಿತು. ಜನ ನಿಲ್ಲಲಿಲ್ಲ. 1910ರಲ್ಲಿ ಶಿಕಾಗೊದಲ್ಲಿ ಸುಮಾರು 44 ಸಾವಿರ ಕಪ್ಪು ಜನರಿದ್ದರು. 1920ಕ್ಕೆ 1 ಲಕ್ಷ 9 ಸಾವಿರ, 1930ಕ್ಕೆ 2 ಲಕ್ಷ 34 ಸಾವಿರ.

ಬಂದವರಿಗೆ ಇರಲು ಊರು ಕೊಟ್ಟದ್ದು ಮಾತ್ರ ದಕ್ಷಿಣ ಭಾಗದ ಒಂದು ಸಪೂರ ಪಟ್ಟಿ. ಅದರ ಗಡಿ ಮೀರಿ ಮನೆ ಮಾಡಿದವರ ಹೊಸ್ತಿಲಲ್ಲಿ ಬಾಂಬು ಸಿಡಿಯುತ್ತಿತ್ತು. 1917ರ ಜುಲೈನಿಂದ 1921ರ ಮಾರ್ಚ್‌ವರೆಗೆ ಇಂಥ 58 ಸ್ಫೋಟಗಳಾದವು. ಕಪ್ಪು ಬ್ಯಾಂಕರ್ ಜೆಸ್ಸಿ ಬಿಂಗಾ ಅವರ ಮನೆಗೆ ಮತ್ತೆ ಮತ್ತೆ ಬಾಂಬು ಬಿತ್ತು. ಅವರು ಜಾಗ ಬಿಟ್ಟು ಕದಲಲಿಲ್ಲ.

1919ರ ಜುಲೈ 27, ಸುಡು ಬಿಸಿಲಿನ ಭಾನುವಾರ. ಮಿಶಿಗನ್ ಸರೋವರದ ದಡದಲ್ಲಿ ಬಿಳಿಯರು ಈಜುವ ಜಾಗ, ಕಪ್ಪು ಜನ ಈಜುವ ಜಾಗ ಎಂದು ಬೇರೆ ಬೇರೆ ಇದ್ದವು. ಅದಕ್ಕೆ ಕಾನೂನಿನ ಆಧಾರವಿರಲಿಲ್ಲ. ನೀರಿನೊಳಗಂತೂ ಗೆರೆ ಎಳೆಯಲು ಯಾರಿಗೂ ಸಾಧ್ಯವಿಲ್ಲ. ತೆಪ್ಪದ ಮೇಲೆ ಆಡುತ್ತಿದ್ದ 17 ವರ್ಷದ ಯೂಜೀನ್ ವಿಲಿಯಮ್ಸ್ ಎಂಬ ಹುಡುಗ ತೇಲುತ್ತ ಬಿಳಿಯರ ಕಡೆಗೆ ಹೋದ. ದಡದಿಂದ ಕಲ್ಲು ತೂರಿ ಬಂದವು. ಹುಡುಗ ನೀರಲ್ಲಿ ಮುಳುಗಿ ಸತ್ತ. ಕಲ್ಲೆಸೆದವನನ್ನು ಹಿಡಿಯಲು ಅಲ್ಲಿದ್ದ ಬಿಳಿ ಪೊಲೀಸ್ ಒಪ್ಪಲಿಲ್ಲ. ಅಂದು ಹೊತ್ತಿದ ಗಲಭೆ ವಾರವಿಡೀ ಉರಿಯಿತು. 38 ಜನ ಸತ್ತರು. ಅವರಲ್ಲಿ 23 ಜನ ಕಪ್ಪು ವರ್ಣೀಯರು, 15 ಜನ ಬಿಳಿಯರು. ಗಾಯಗೊಂಡವರು 537. ಸುಮಾರು ಸಾವಿರ ಕುಟುಂಬಗಳು ಮನೆ ಕಳೆದುಕೊಂಡವು. ಫ್ರಾನ್ಸಿನ ರಣರಂಗದಲ್ಲಿ ಅಮೆರಿಕಕ್ಕಾಗಿ ಹೋರಾಡಿ ಆಗಷ್ಟೇ ಮರಳಿದ್ದ ಕಪ್ಪು ಸೈನಿಕರು ತಮ್ಮ ಬೀದಿಯನ್ನು ತಾವೇ ಕಾಯಬೇಕಾಯಿತು. ಆಮೇಲೆ ಆರು ಬಿಳಿಯರು, ಆರು ಕಪ್ಪು ಜನ ಇದ್ದ ಆಯೋಗವೊಂದು ಕೂತು ವಸತಿ, ಕೆಲಸ, ಶಾಲೆ, ಪತ್ರಿಕೆಗಳ ಪಾತ್ರ ಎಲ್ಲವನ್ನೂ ತನಿಖೆ ಮಾಡಿ 1922ರಲ್ಲಿ ದೊಡ್ಡ ವರದಿ ಕೊಟ್ಟಿತು. ಇಂದು ಓದಿದರೂ ಅದು ಕಣ್ಣು ತೆರೆಸುವ ವರದಿ. ಊರು ಮಾತ್ರ ಅದನ್ನು ಕಪಾಟಿನಲ್ಲಿಟ್ಟಿತು.

ವರದಿ ಬಂದ ಅದೇ 1922ರ ಆಗಸ್ಟ್‌ನಲ್ಲಿ, ಗುರು ಕಳಿಸಿದ ತಂತಿ ನೋಡಿ ಆರ್ಮ್‌ಸ್ಟ್ರಾಂಗ್ ಶಿಕಾಗೊದ ರೈಲು ನಿಲ್ದಾಣದಲ್ಲಿ ಇಳಿದರು. 31ನೇ ಬೀದಿಯ ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ ಆಲಿವರ್ ಬ್ಯಾಂಡ್ ನುಡಿಸುತ್ತಿತ್ತು. ಗಲಭೆ ನಡೆದ ಬೀದಿಗಳಿಂದ ಅದು ದೂರವೇನೂ ಇರಲಿಲ್ಲ. ನಾವು ಜಾಝ್ ಕೇಳುವಾಗ ಈ ಸಾಮೀಪ್ಯವನ್ನು ಮರೆಯಬಾರದು ಎಂದು ನನಗನಿಸುತ್ತದೆ. ಹಗಲೆಲ್ಲ ದನಗಳ ರಕ್ತದಲ್ಲಿ ಕಾಲು ನೆನೆಸಿ ದುಡಿದವರು, ಬಿಳಿಯರ ಮನೆಯ ಬಟ್ಟೆ ಒಗೆದವರು, ರಾತ್ರಿ ಅಲ್ಲಿ ಬಂದು ತಮಗಾಗಿ ಕುಣಿಯುತ್ತಿದ್ದರು. ಆಲಿವರ್ ಮತ್ತು ಆರ್ಮ್‌ಸ್ಟ್ರಾಂಗ್ ಮೊದಲೇ ಹೇಳಿಕೊಳ್ಳದೆ, ಕಣ್ಸನ್ನೆಯಲ್ಲೇ ಎಂಬಂತೆ, ಎರಡು ಕಾರ್ನೆಟ್‌ಗಳಲ್ಲಿ ಒಟ್ಟಿಗೆ ಒಂದು ಎಳೆ ಬಿಡಿಸುತ್ತಿದ್ದರು. ಕೇಳುತ್ತಿದ್ದ ಸಂಗೀತಗಾರರಿಗೆ ಅದು ಹೇಗೆ ಸಾಧ್ಯವೆಂದೇ ತಿಳಿಯುತ್ತಿರಲಿಲ್ಲ.

ಈ ಸಂಗೀತವನ್ನು ಕಪ್ಪು ಸಮಾಜವೆಲ್ಲ ಎದೆಗಪ್ಪಿಕೊಂಡಿತು ಎಂದುಕೊಂಡರೆ ಅದು ತಪ್ಪು. ಜಾಝ್ ಕಾಲದ ಜಗಳಗಳಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ಶಿಕಾಗೊದಲ್ಲಿ ಮೊದಲಿನಿಂದ ನೆಲೆಸಿದ್ದ ಕಪ್ಪು ಕುಟುಂಬಗಳಿದ್ದವು. ಕಷ್ಟಪಟ್ಟು ಓದಿ, ಅಂಚೆ ಕಚೇರಿಯಲ್ಲೋ ಶಾಲೆಯಲ್ಲೋ ಕೆಲಸ ಹಿಡಿದು, ಬಿಳಿಯರ ಕಣ್ಣಲ್ಲಿ ಒಂದಿಷ್ಟು ಮರ್ಯಾದೆ ಗಳಿಸಿಕೊಂಡವರು. ಹಳ್ಳಿಗಾಡಿನಿಂದ ಸಾವಿರ ಸಾವಿರ ಜನ ಬಂದಿಳಿದಾಗ ಅವರಿಗೆ ಆತಂಕವಾಯಿತು. ಜನರನ್ನು ಕರೆದ ಡಿಫೆಂಡರ್ ಪತ್ರಿಕೆಯೇ ಹೊಸಬರಿಗೆ ನಡವಳಿಕೆಯ ಪಟ್ಟಿ ಅಚ್ಚುಹಾಕಿತು: ಟ್ರಾಮಿನಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ಮನೆಗೆಲಸದ ಬಟ್ಟೆಯಲ್ಲಿ ಬೀದಿಗೆ ಬರಬೇಡಿ. ಆ ಪತ್ರಿಕೆಯಲ್ಲಿ ಸಂಗೀತದ ಅಂಕಣ ಬರೆಯುತ್ತಿದ್ದ ವಾದ್ಯವೃಂದದ ನಾಯಕ ಡೇವ್ ಪೇಟನ್ ವಾರವಾರವೂ ಸಂಗೀತಗಾರರಿಗೆ ಬುದ್ಧಿ ಹೇಳುತ್ತಿದ್ದರು. ಸ್ವರಲಿಪಿ ಓದಲು ಕಲಿಯಿರಿ, ಹೊತ್ತಿಗೆ ಸರಿಯಾಗಿ ಬನ್ನಿ, ಕುಡಿದು ವೇದಿಕೆ ಹತ್ತಬೇಡಿ, ಆ ಒರಟು ನುಡಿಕೆಯನ್ನು ಬಿಟ್ಟು ಶುದ್ಧ ಸಂಗೀತದ ಕಡೆ ಬನ್ನಿ.

ಪೇಟನ್ ಅವರನ್ನು ಬರೀ ಮಡಿವಂತ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಬಿಳಿ ಬ್ಯಾಂಡುಗಳು ಒಳ್ಳೆಯ ಸಂಬಳದ ಕೆಲಸಗಳನ್ನೆಲ್ಲ ದೋಚುತ್ತಿರುವುದು ಅವರಿಗೆ ಕಾಣುತ್ತಿತ್ತು. ತಮ್ಮವರಿಗೆ ಬಾಗಿಲು ಮುಚ್ಚಲು ಯಾರಿಗೂ ನೆಪ ಸಿಗಬಾರದು ಎಂಬ ಕಾಳಜಿ ಅವರದು. ಆದರೆ ನೆಪ ಹುಡುಕುವವರಿಗೆ ನೆಪದ ಕೊರತೆ ಎಲ್ಲಿದೆ? ಸ್ವರಲಿಪಿ ಬಲ್ಲ, ಸೂಟು ಹಾಕಿದ, ಕುಡಿಯದ ಕಪ್ಪು ಸಂಗೀತಗಾರನಿಗೂ ನಗರದ ನಡುಭಾಗದ ದೊಡ್ಡ ಹೋಟೆಲುಗಳ ಕೆಲಸ ಸಿಗುತ್ತಿರಲಿಲ್ಲ. 1926ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 'ದ ನೇಶನ್' ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನ ಈ ಮರ್ಯಾದಸ್ಥ ಮನಸ್ಸಿಗೇ ಕೊಟ್ಟ ಉತ್ತರ. ಬಿಳಿಯರಂತಾಗುವ ಹಂಬಲ ಬಿಟ್ಟು, ಸಾಮಾನ್ಯ ಕಪ್ಪು ಜನರ ಹಾಡು, ನಗು, ನೋವುಗಳಿಂದಲೇ ಕಲೆ ಹುಟ್ಟಬೇಕು ಎಂದು ಅವರು ವಾದಿಸಿದರು. ನನ್ನ ಮನಸ್ಸು ಹ್ಯೂಸ್ ಅವರ ಕಡೆ. ಆದರೂ ಮಗಳು ಜಾಝ್ ಬ್ಯಾಂಡಿಗೆ ಸೇರಿದಾಗ ಸಂಕಟಪಟ್ಟ ತಾಯಿಯ ಭಯ ನನಗೆ ಅರ್ಥವಾಗುತ್ತದೆ.

ಅಂಥ ಒಬ್ಬ ಮಗಳು ಲಿಲ್ ಹಾರ್ಡಿನ್. ಮೆಂಫಿಸ್‌ನಲ್ಲಿ ಹುಟ್ಟಿ, ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದಾಕೆ. ಶಿಕಾಗೊದ ಸಂಗೀತದಂಗಡಿಯೊಂದರಲ್ಲಿ ವಾರಕ್ಕೆ ಮೂರು ಡಾಲರ್ ಸಂಬಳಕ್ಕೆ, ಗಿರಾಕಿಗಳು ಕೇಳಿದ ಹಾಡಿನ ಹಾಳೆಗಳನ್ನು ಪಿಯಾನೊದಲ್ಲಿ ನುಡಿಸಿ ತೋರಿಸುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಆಲಿವರ್ ಬ್ಯಾಂಡಿಗೆ ಬಂದರು. ಬ್ಲೂಸ್ ಎಂಬ ಕಪ್ಪು ಜನರ ನೋವಿನ ಹಾಡುಗಾರಿಕೆ ಎಂದರೆ ಹೊಲಸು ಎಂದು ನಂಬಿದ್ದ ತಾಯಿಗೆ ಇದು ನುಂಗಲಾರದ ತುತ್ತು. 1924ರಲ್ಲಿ ಲಿಲ್ ಆರ್ಮ್‌ಸ್ಟ್ರಾಂಗ್‌ರನ್ನು ಮದುವೆಯಾದರು. ಗುರುವಿನ ನೆರಳಲ್ಲೇ ಉಳಿದರೆ ನೀವು ಎಂದೂ ಮೇಲೆ ಬರುವುದಿಲ್ಲ ಎಂದು ಗಂಡನನ್ನು ಒತ್ತಾಯಿಸಿ ಬ್ಯಾಂಡು ಬಿಡಿಸಿದವರು ಅವರೇ. 1925ರ ನವೆಂಬರ್‌ನಲ್ಲಿ ಓಕೆ ಕಂಪನಿಗಾಗಿ ಶುರುವಾದ 'ಹಾಟ್ ಫೈವ್' ಧ್ವನಿಮುದ್ರಣಗಳಲ್ಲಿ ಪಿಯಾನೊ ಲಿಲ್ ಅವರದು, ಹಲವು ರಚನೆಗಳೂ ಅವರವೇ. ಎಲ್ಲರೂ ಒಟ್ಟಾಗಿ ನುಡಿಸುತ್ತಿದ್ದ ಜಾಝ್ ಒಬ್ಬ ಕಲಾವಿದನ ಏಕಾಂಗಿ ಮನೋಧರ್ಮಕ್ಕೆ ಜಾಗ ಕೊಟ್ಟದ್ದು ಈ ಪ್ಲೇಟುಗಳಲ್ಲಿ. ಇತಿಹಾಸದ ಪುಸ್ತಕಗಳು ಬಹಳ ಕಾಲ ಲಿಲ್ ಅವರನ್ನು ಆರ್ಮ್‌ಸ್ಟ್ರಾಂಗ್ ಅವರ ಎರಡನೇ ಹೆಂಡತಿ ಎಂದಷ್ಟೇ ಬರೆದವು.

ಚರ್ಚುಗಳ ಒಳಗೂ ಇದೇ ಜಗಳ. ಹಳೆಯ ದೊಡ್ಡ ಚರ್ಚುಗಳು ಶಾಂತವಾದ, ಕಟ್ಟುನಿಟ್ಟಾದ ಹಾಡುಗಾರಿಕೆಗೆ ಒಗ್ಗಿದ್ದವು. ಭಾವ ಉಕ್ಕಿದಾಗ ಕೂಗಿ, ಚಪ್ಪಾಳೆ ತಟ್ಟಿ ಪ್ರಾರ್ಥಿಸುವ ದಕ್ಷಿಣದ ಹಳ್ಳಿಗರಿಗೆ ಅಲ್ಲಿ ಉಸಿರು ಕಟ್ಟಿತು. ಅವರು ಖಾಲಿ ಬಿದ್ದ ಅಂಗಡಿ ಮಳಿಗೆಗಳಲ್ಲೇ ಚರ್ಚು ಮಾಡಿಕೊಂಡರು. ಅಲ್ಲಿ ಡ್ರಮ್ಮೂ ಇತ್ತು, ತಂಬೂರಿನ್ ಎಂಬ ಗೆಜ್ಜೆ ಕಟ್ಟಿದ ದಮ್ಮಡಿಯೂ ಇತ್ತು. ಬ್ಲೂಸ್ ಗಾಯಕಿ ಮಾ ರೇನಿ ಅವರಿಗೆ ಪಿಯಾನೊ ನುಡಿಸುತ್ತಿದ್ದ, 1928ರಲ್ಲಿ ಪೋಲಿ ಹಾಡೊಂದರಿಂದ ಹೆಸರು ಮಾಡಿದ ಥಾಮಸ್ ಡಾರ್ಸಿ ಎಂಬಾತ ಅದೇ ಬ್ಲೂಸ್‌ನ ಮಟ್ಟುಗಳಲ್ಲಿ ದೇವರ ಹಾಡು ಕಟ್ಟಿದಾಗ ಪಾದ್ರಿಗಳು ಬಾಗಿಲಿಂದಲೇ ಕಳಿಸಿದ್ದುಂಟು. 1932ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡ ದುಃಖದಲ್ಲಿ ಅವರು ಬರೆದ ಪ್ರಾರ್ಥನೆಯನ್ನು ಇಂದು ಜಗತ್ತಿನ ಸಾವಿರಾರು ಚರ್ಚುಗಳು ಹಾಡುತ್ತವೆ. ಗಾಸ್ಪೆಲ್ ಎಂಬ ಚರ್ಚಿನ ಭಕ್ತಿಸಂಗೀತದ ಜನಕ ಎಂಬ ಗೌರವ ಡಾರ್ಸಿ ಅವರಿಗೆ ಸಂದಿದೆ.

ಬಿಳಿಯರ ಸಮಾಜದಲ್ಲಿ ಎದ್ದ ಭಯ ಬೇರೆ ಬಗೆಯದು. 1921ರ ಆಗಸ್ಟ್‌ನಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ, ದೇಶದ ಮಹಿಳಾ ಸಂಘಗಳ ಒಕ್ಕೂಟದ ಸಂಗೀತ ವಿಭಾಗದ ಮುಖ್ಯಸ್ಥೆ ಆನ್ ಶಾ ಫಾಕ್ನರ್, ಜಾಝ್ ತಾಳ ಯುವಜನರ ನೀತಿಯನ್ನೇ ಕೆಡಿಸುತ್ತಿದೆ, ಅದರ ಬೇರು ಆಫ್ರಿಕಾದ ಮಾಟದ ಕುಣಿತಗಳಲ್ಲಿದೆ ಎಂದು ಬರೆದರು. ಮರುವರ್ಷ ಇಲಿನಾಯ್‌ನ ನೀತಿರಕ್ಷಣಾ ಸಂಘವೊಂದು ಎರಡೇ ವರ್ಷಗಳಲ್ಲಿ ಶಿಕಾಗೊದ ಸಾವಿರ ಹುಡುಗಿಯರು ಜಾಝ್‌ನಿಂದ ದಾರಿ ತಪ್ಪಿದ್ದಾರೆ ಎಂದು ಸಾರಿತು. ಕಾರು ತಯಾರಕ ಹೆನ್ರಿ ಫೋರ್ಡ್ ತಮ್ಮ ಪತ್ರಿಕೆಯಲ್ಲಿ ಈ ಸಂಗೀತದ ಹಿಂದೆ ಯಹೂದಿಗಳ ಸಂಚಿದೆ ಎಂದು ಬರೆಸಿದರು. ಹಳ್ಳಿಯ ಹಳೆಯ ಪಿಟೀಲು, ಚೌಕ ನೃತ್ಯಗಳನ್ನು ಮತ್ತೆ ಬೆಳೆಸಲು ಧಾರಾಳವಾಗಿ ಹಣ ಸುರಿದರು. ಜನ ಹಳ್ಳಿ ಬಿಟ್ಟು ನಗರಕ್ಕೆ ಬರಲು ಕಾರು ಒಂದು ದೊಡ್ಡ ಕಾರಣ ಎಂಬುದನ್ನು ಅವರು ಯೋಚಿಸಿದಂತಿಲ್ಲ. 1924ರಲ್ಲಿ ಶಿಕಾಗೊದಲ್ಲೇ ಡಬ್ಲ್ಯುಎಲ್ಎಸ್ ರೇಡಿಯೊ ಹಳ್ಳಿಹಾಡುಗಳ ಕಾರ್ಯಕ್ರಮ ಶುರುಮಾಡಿತು. ಕಳೆದುಹೋದ ಹಳ್ಳಿಯ ಹಂಬಲವನ್ನು ನಗರದ ಪ್ರಸಾರ ಕೇಂದ್ರವೇ ಮನೆ ಮನೆಗೆ ಮುಟ್ಟಿಸಿತು.

ಈ ಭಯಕ್ಕೆ ಹುಡುಗಿಯರು ಗುರಿಯಾದದ್ದು ಏಕೆ ಎಂಬುದು ಸ್ಪಷ್ಟ. 1920ರಲ್ಲಿ ಅಮೆರಿಕದ ಹೆಂಗಸರಿಗೆ ಸಂವಿಧಾನದ ಮೂಲಕ ಮತದ ಹಕ್ಕು ಸಿಕ್ಕಿತು. ಟೈಪಿಸ್ಟ್, ಟೆಲಿಫೋನ್ ಆಪರೇಟರ್, ಅಂಗಡಿಯ ಮಾರಾಟಗಾರ್ತಿ ಎಂದು ಹುಡುಗಿಯರು ದುಡಿದು, ತಮ್ಮ ದುಡ್ಡಲ್ಲಿ ತಾವೇ ಟಿಕೆಟ್ ಕೊಂಡು ನೃತ್ಯಶಾಲೆಗೆ ಹೋಗತೊಡಗಿದರು. ಯಾರ ಜೊತೆ ಕುಣಿಯಬೇಕೆಂದು ತಾವೇ ಆರಿಸಿಕೊಂಡರು. ದಕ್ಷಿಣ ಶಿಕಾಗೊದ ಸನ್‌ಸೆಟ್ ಕೆಫೆ, ಡ್ರೀಮ್‌ಲ್ಯಾಂಡ್‌ನಂಥ ಕೆಲವು ಜಾಗಗಳಲ್ಲಿ ಬಿಳಿಯರೂ ಕಪ್ಪು ಜನರೂ ಒಂದೇ ಸೂರಿನಡಿ ಕೂರುತ್ತಿದ್ದರು. ಪೊಲೀಸರೂ ನೀತಿರಕ್ಷಕರೂ ಹೆಚ್ಚು ಕಣ್ಣಿಟ್ಟದ್ದು ಇಂಥ ಜಾಗಗಳ ಮೇಲೆಯೇ. ಅದಕ್ಕೆ ಉತ್ತರವೆಂಬಂತೆ 1922ರ ಡಿಸೆಂಬರ್‌ನಲ್ಲಿ ಟ್ರಯನಾನ್ ಎಂಬ ಅರಮನೆಯಂಥ ನೃತ್ಯಮಂದಿರ ತೆರೆಯಿತು. ಪ್ರವೇಶ ಬಿಳಿಯರಿಗೆ ಮಾತ್ರ. ಜೋಡಿಗಳು ತೀರ ಹತ್ತಿರ ಕುಣಿಯದಂತೆ ನೋಡಿಕೊಳ್ಳಲು ಮೇಲ್ವಿಚಾರಕರು. ಉದ್ಘಾಟನೆಗೆ ನುಡಿಸಿದ್ದು ಪಾಲ್ ವೈಟ್‌ಮನ್ ಅವರ ಬಿಳಿ ವಾದ್ಯವೃಂದ.

ಅದೇ ವೈಟ್‌ಮನ್ ಅವರನ್ನು ಪತ್ರಿಕೆಗಳು 'ಜಾಝ್ ರಾಜ' ಎಂದು ಕರೆದವು. ಒಳ್ಳೆಯ ಸಂಗೀತಗಾರ, 1924ರಲ್ಲಿ ಜಾರ್ಜ್ ಗರ್ಶ್‌ವಿನ್ ಅವರ 'ರಾಪ್ಸೊಡಿ ಇನ್ ಬ್ಲೂ' ಮೊದಲು ಕೇಳಿಬಂದದ್ದು ಅವರ ಕಛೇರಿಯಲ್ಲೇ. ಆದರೆ ಅವರ ಬಿರುದನ್ನೇ ಹೆಸರಾಗಿಟ್ಟು 1930ರಲ್ಲಿ ಬಂದ ಸಿನಿಮಾದ ಕೊನೆಯ ದೃಶ್ಯ ನೋಡಬೇಕು. ಜಾಝ್ ಹೇಗೆ ಹುಟ್ಟಿತೆಂದು ತೋರಿಸಲು ನಾನಾ ದೇಶಗಳ ಸಂಗೀತವನ್ನು ಒಂದು ದೊಡ್ಡ ಕಡಾಯಿಗೆ ಹಾಕಿ ಬೆರೆಸುತ್ತಾರೆ. ಯುರೋಪಿನ ದೇಶಗಳು ಒಂದೊಂದಾಗಿ ಬರುತ್ತವೆ. ಆಫ್ರಿಕಾ ಬರುವುದೇ ಇಲ್ಲ. ನಮ್ಮ ಊರುಗಳ ಜಾತ್ರೆಗೆ ತಮಟೆಯ ಸದ್ದು ಬೇಕು, ತಮಟೆ ಬಡಿದವನು ಗುಡಿಯ ಹೊರಗೆ ನಿಲ್ಲಬೇಕು ಎಂಬ ರೂಢಿಯನ್ನು ಕಂಡ ಕನ್ನಡಿಗರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಯಾರ್ಕಿನಲ್ಲಿ ಇದು ಇನ್ನೂ ರಾಜಾರೋಷವಾಗಿ ನಡೆಯಿತು. ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ನಡುವೆಯೇ ಇದ್ದ ಕಾಟನ್ ಕ್ಲಬ್‌ನ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕೆಳಗೆ ಕುರ್ಚಿಗಳಲ್ಲಿ ಬಿಳಿಯರು. 1927ರ ಡಿಸೆಂಬರ್‌ನಿಂದ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ಅಲ್ಲಿ ನುಡಿಸಿದರು. ಅಲ್ಲಿಂದ ರೇಡಿಯೊದಲ್ಲಿ ದೇಶವೆಲ್ಲ ಅವರನ್ನು ಕೇಳಿತು. ಅದೇ ಬೀದಿಯಲ್ಲಿ ವಾಸವಿದ್ದವರು ಒಳಗೆ ಹೋಗಿ ಕೇಳುವಂತಿರಲಿಲ್ಲ.

ಬೇಲಿ ಹಾಕಿದವರ ಮಕ್ಕಳೇ ಬೇಲಿ ಹಾರಿದ್ದೂ ಈ ಕಾಲದ ಕಥೆ. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ, ಜರ್ಮನ್ ಮೂಲದ ಸ್ಥಿತಿವಂತ ಮನೆಯಲ್ಲಿ 1903ರಲ್ಲಿ ಹುಟ್ಟಿದ ಹುಡುಗ ಬಿಕ್ಸ್ ಬೈಡರ್‌ಬೆಕ್. ಜಾಝ್ ಹುಚ್ಚು ಬಿಡಿಸಬೇಕೆಂದು ಹೆತ್ತವರು 1921ರಲ್ಲಿ ಅವನನ್ನು ಶಿಸ್ತಿನ ವಸತಿ ಶಾಲೆಗೆ ಸೇರಿಸಿದರು. ಆ ಶಾಲೆ ಇದ್ದದ್ದು ಶಿಕಾಗೊಗೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ! ರಾತ್ರಿ ಕಿಟಕಿ ದಾಟಿ ಜಾಝ್ ಕೇಳಲು ಹೋಗುತ್ತಿದ್ದವನನ್ನು ಮರುವರ್ಷವೇ ಶಾಲೆ ಹೊರಹಾಕಿತು. ಬಿಕ್ಸ್ ತನ್ನ ಕಾರ್ನೆಟ್‌ನಲ್ಲಿ ತನ್ನದೇ ಆದ ಮೆಲುದನಿ ಕಂಡುಕೊಂಡ, ಕುಡಿತಕ್ಕೆ ಸಿಕ್ಕು 28ನೇ ವಯಸ್ಸಿಗೆ ತೀರಿಕೊಂಡ. ಪಶ್ಚಿಮ ಶಿಕಾಗೊದ ಆಸ್ಟಿನ್ ಹೈಸ್ಕೂಲಿನ ಹುಡುಗರ ಗುಂಪೊಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಜಾಝ್ ಪ್ಲೇಟು ಕೇಳಿ, ವಾದ್ಯ ಕೊಂಡು, ಪ್ಲೇಟು ಹಾಕಿ ನಿಲ್ಲಿಸಿ ಒಂದೊಂದೇ ಸ್ವರ ಕಲಿತು, ಆಮೇಲೆ ದಕ್ಷಿಣ ಶಿಕಾಗೊಗೆ ಹೋಗಿ ಆಲಿವರ್, ಆರ್ಮ್‌ಸ್ಟ್ರಾಂಗ್‌ರ ಎದುರು ಕೂತು ಕೇಳಿತು. ಆ ಹುಡುಗರ ಪ್ರೀತಿ ಪ್ರಾಮಾಣಿಕವಾದದ್ದು. ಆದರೂ ಒಂದು ಮಾತು ಹೇಳಲೇಬೇಕು: ಅವರು ಇತ್ತ ಬರಬಹುದಿತ್ತು, ಆರ್ಮ್‌ಸ್ಟ್ರಾಂಗ್ ಅತ್ತ ಹೋಗುವಂತಿರಲಿಲ್ಲ.

ದುಡ್ಡಿನ ಹರಿವೂ ಅದೇ ದಿಕ್ಕಿಗೆ. 1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಪ್ಲೇಟು ಬೆಂಕಿಯಂತೆ ಮಾರಾಟವಾದಾಗಲೇ ಕಂಪನಿಗಳಿಗೆ ಕಪ್ಪು ಜನರೂ ಗಿರಾಕಿಗಳು ಎಂದು ಹೊಳೆದದ್ದು. ಪುಲ್‌ಮನ್ ಸೇವಕರು ಈ ಪ್ಲೇಟುಗಳನ್ನು ಡಜನುಗಟ್ಟಲೆ ಕೊಂಡು ದಕ್ಷಿಣದ ಹಳ್ಳಿಗಳಲ್ಲಿ ಲಾಭಕ್ಕೆ ಮಾರಿದರು. ಕಂಪನಿಗಳು ಇವನ್ನು 'ರೇಸ್ ರೆಕಾರ್ಡ್' ಎಂದು ಬೇರೆಯೇ ಪಟ್ಟಿಯಲ್ಲಿಟ್ಟವು. 1923ರಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದ ಬೆಸ್ಸಿ ಸ್ಮಿತ್ ಅವರ ಪ್ಲೇಟುಗಳು ಲಕ್ಷಗಟ್ಟಲೆ ಹೋದವು, ಕಂಪನಿಯ ಬೊಕ್ಕಸ ತುಂಬಿತು. ಅವರಿಗೆ ಸಿಕ್ಕಿದ್ದು ಹಾಡಿಗೆ ಇಷ್ಟೆಂದು ಒಂದೇ ಸಲದ ಸಂಭಾವನೆ, ಮಾರಾಟದಲ್ಲಿ ಪಾಲಿಲ್ಲ. ಕಪ್ಪು ಜನರದೇ ಕಂಪನಿ ಇರಲೆಂದು ಹ್ಯಾರಿ ಪೇಸ್ 1921ರಲ್ಲಿ ಕಟ್ಟಿದ ಬ್ಲ್ಯಾಕ್ ಸ್ವಾನ್ ಮೂರು ವರ್ಷ ಬಾಳಿ ಇನ್ನೊಂದು ಕಂಪನಿಯ ಪಾಲಾಯಿತು.

ಪಾನನಿರೋಧದ ಬಗ್ಗೆ ಎಲ್ಲರಿಗೂ ಗೊತ್ತು, ಶಿಕಾಗೊದ ಭೂಗತ ದೊರೆ ಅಲ್ ಕಪೋನ್ ಮೇಲೆ ಸಿನಿಮಾಗಳೇ ಸಾಕಷ್ಟು ಬಂದಿವೆ. ಇಲ್ಲಿ ಮುಖ್ಯವಾದದ್ದು ಇಷ್ಟು. 1920ರಿಂದ 1933ರವರೆಗೆ ಹೆಂಡ ಕಾನೂನುಬಾಹಿರವಾದದ್ದರಿಂದ ರಾತ್ರಿಯ ಮನರಂಜನೆ ಬಹುಮಟ್ಟಿಗೆ ಕಳ್ಳಸಾಗಣೆದಾರರ ಹಿಡಿತಕ್ಕೆ ಹೋಯಿತು. ಜಾಝ್ ಕಲಾವಿದರಿಗೆ ಸಂಬಳ ಕೊಡುವವರು, ಬೆದರಿಸುವವರು, ಕಾಪಾಡುವವರು ಎಲ್ಲ ಅವರೇ ಆದರು. ಬಂಡವಾಳವೂ ಪರವಾನಗಿಯೂ ಇಲ್ಲದ ಕಲಾವಿದನಿಗೆ ಬೇರೆ ದಾರಿ ಇರಲಿಲ್ಲ. ಸಂಗೀತಕ್ಕೆ ಹತ್ತಿದ ಕೆಟ್ಟ ಹೆಸರಿನ ಬಹುಪಾಲು ಈ ಯಜಮಾನರದು.

ಇದೇ ವರ್ಷಗಳಲ್ಲಿ ದೇಶದ ಗಡಿಯೂ ಬಿಗಿಯಾಯಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. 1924ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ಹಾಕಿತು, ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಸಣ್ಣ ಕಿಂಡಿ ಬಿಟ್ಟಿತು. 1925ರ ಆಗಸ್ಟ್‌ನಲ್ಲಿ ಕ್ಲಾನ್‌ನ ಸಾವಿರಾರು ಮಂದಿ ಮುಖ ಮುಚ್ಚಿಕೊಳ್ಳದೆಯೇ ರಾಜಧಾನಿ ವಾಷಿಂಗ್ಟನ್ನಿನ ಮುಖ್ಯರಸ್ತೆಯಲ್ಲಿ ನಡೆದರು. ಜಾಝ್ ವಿರುದ್ಧದ ಕೂಗನ್ನು ಇವುಗಳಿಂದ ಬೇರ್ಪಡಿಸಿ ಸಂಗೀತದ ಅಭಿರುಚಿಯ ಪ್ರಶ್ನೆಯೆಂದು ನೋಡಲಾಗದು.

1927-28ರ ಹೊತ್ತಿಗೆ ಶಿಕಾಗೊದ ಸಡಗರ ಇಳಿಯಿತು. ಪಾನನಿರೋಧ ಅಧಿಕಾರಿಗಳು ಒಂದೊಂದೇ ಕೆಫೆಗೆ ಬೀಗ ಜಡಿದರು. 1927ರಲ್ಲಿ ಮಾತಾಡುವ ಸಿನಿಮಾ ಬಂತು. ಮೂಕಿಚಿತ್ರಗಳ ಜೊತೆ ನುಡಿಸುತ್ತಿದ್ದ ಚಿತ್ರಮಂದಿರದ ವಾದ್ಯವೃಂದಗಳು ಕೆಲಸ ಕಳೆದುಕೊಂಡವು. 1929ರ ಆರ್ಥಿಕ ಕುಸಿತ ಗ್ರಾಮಫೋನ್ ವ್ಯಾಪಾರದ ಬೆನ್ನು ಮುರಿಯಿತು. ಆಲಿವರ್ ನ್ಯೂಯಾರ್ಕಿಗೆ ಹೋದರು, ಹಿಂದೆಯೇ ಆರ್ಮ್‌ಸ್ಟ್ರಾಂಗ್. ಹಲ್ಲು, ಒಸಡಿನ ರೋಗದಿಂದ ಕಾರ್ನೆಟ್ ಊದಲಾಗದೆ ಹೋದ ಕಿಂಗ್ ಆಲಿವರ್ ಕೊನೆಗೆ ಜಾರ್ಜಿಯಾದ ಸವಾನಾದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದಾಗ 1938ರಲ್ಲಿ ತೀರಿಕೊಂಡರು.

ಶಿಕಾಗೊ ಬಿಟ್ಟವರಲ್ಲಿ ಒಬ್ಬರು ನಮ್ಮ ಕಡೆಗೂ ಬಂದರು. ವೆಂಡೋಮ್ ಚಿತ್ರಮಂದಿರದಲ್ಲಿ ಅರ್ಸ್ಕಿನ್ ಟೇಟ್ ಅವರ ವಾದ್ಯವೃಂದದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸುತ್ತಿದ್ದ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ 1926ರಲ್ಲಿ ಏಷ್ಯಾಕ್ಕೆ ಹೊರಟರು. ಶಾಂಘೈ ಸುತ್ತಿ 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿಗೆ, ಆಮೇಲೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿಗೆ ಬಂದರು. 1945ರಲ್ಲಿ ಕಲ್ಕತ್ತೆಯಲ್ಲೇ ಕಾಲರಾದಿಂದ ಅಸುನೀಗಿದರು. ಇಂಥ ಕಪ್ಪು ಕಲಾವಿದರ ಜೊತೆ ನುಡಿಸಿ, ಅವರನ್ನು ಕೇಳಿ ಕಲಿತವರು ಗೋವಾದ ಸಂಗೀತಗಾರರು. ಅವರಲ್ಲಿ 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್' ಎನಿಸಿಕೊಂಡ ಚಿಕ್ ಚಾಕೊಲೇಟ್ ಅವರ ಟ್ರಂಪೆಟ್ 1951ರ 'ಅಲ್ಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಸಂಗೀತದೊಂದಿಗೆ ಸೇರಿತು. ಆ ಹಾಡುಗಳಿಗೆ ತಾಳ ಹಾಕಿದ ನಮ್ಮ ಹಿರಿಯರಿಗೆ ಅದು ದಕ್ಷಿಣ ಶಿಕಾಗೊದಿಂದ ಹರಿದುಬಂದ ಸದ್ದೆಂದು ತಿಳಿದಿರಲಿಲ್ಲ.

ಶಿಕಾಗೊದಲ್ಲಿ ಏನು ಬದಲಾಯಿತು? ಬಾಂಬುಗಳ ಜಾಗಕ್ಕೆ ಕಾಗದ ಬಂತು. ಈ ಮನೆಯನ್ನು ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಬಿಳಿ ಮಾಲೀಕರು ಒಟ್ಟಾಗಿ ಸಹಿ ಹಾಕುವ ಕರಾರುಗಳು 1920ರ ದಶಕದ ಕೊನೆಗೆ ಬಡಾವಣೆಗಳಿಗೆ ಬಡಾವಣೆಗಳನ್ನೇ ಮುಚ್ಚಿದವು. ಸಹಿ ಹಾಕಿದ ಮನೆಗಳ ಗ್ರಾಮಫೋನಿನಲ್ಲಿ, ರೇಡಿಯೊದಲ್ಲಿ ಜಾಝ್ ಹಾಡುತ್ತಿತ್ತು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಇನ್ನು ಸಂಗೀತಗಾರರು. ಆ ಊರಿನಲ್ಲಿ ಅವರಿಗೆ ಎರಡು ಕಾರ್ಮಿಕ ಸಂಘಗಳಿದ್ದವು, ಬಿಳಿಯರಿಗೆ 10ನೇ ಸಂಖ್ಯೆಯದು, ಕಪ್ಪು ಜನರಿಗೆ 208ನೇ ಸಂಖ್ಯೆಯದು. ಎರಡೂ ಒಂದಾದದ್ದು 1966ರಲ್ಲಿ.